ಹೆದರಿಸದ ಗಂಟೆ

ಯಂತ್ರಗಳಿಗೆ ದನಿ ಕೊಡುವುದು ಅವನ ಕಸುಬು. ಗುಂಡಿ ಒತ್ತಿದರೆ ಯಾವ ಸದ್ದು ಬರಬೇಕು, ಕೆಟ್ಟರೆ ಹೇಗೆ ಕೂಗಬೇಕು ಎಂಬುದನ್ನೆಲ್ಲ ಅವನೇ ಗೊತ್ತುಮಾಡುತ್ತಿದ್ದ. ಅವನ ಕಂಪನಿಯ ಆಕ್ಸಿಜನ್ ಯಂತ್ರವೊಂದು ಅವನ ಅಣ್ಣನ ಮಂಚದ ಪಕ್ಕದಲ್ಲೇ ಇತ್ತು. ಪೈಪು ತುಸು ಮಡಚಿಕೊಂಡರೂ ಸಾಕು, ಸೂರು ಹಾರಿಹೋಗುವ ಹಾಗೆ ಅರಚಿಕೊಳ್ಳುತ್ತಿತ್ತು.

"ಅದು ಕೂಗಿದಾಗೆಲ್ಲ ಜೀವ ಬಾಯಿಗೆ ಬರುತ್ತೆ ಕಣಪ್ಪ," ಎಂದು ಅತ್ತಿಗೆ ಕಣ್ಣೀರು ಹಾಕಿದ್ದಳು. "ದಿನಕ್ಕೆ ಹತ್ತು ಸಲ ಸತ್ತು ಬದುಕ್ತಿದ್ದೀನಿ. ಅದರ ಬಾಯಿಗೆ ಒಂಚೂರು ಬೆಣ್ಣೆ ಹಚ್ಚೋಕಾಗಲ್ವಾ?"

ಅವನ ಕರುಳು ಚುರುಕ್ ಎಂದಿತು. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಎಚ್ಚರಿಕೆಯ ಗಂಟೆಗೆಂದು ಮೂರು ಮೆದು ಸ್ವರಗಳನ್ನು ಹೊಸೆದ. ಆಫೀಸಿನಲ್ಲಿ ಇಪ್ಪತ್ತು ಜನರನ್ನು ಕೂರಿಸಿ ಕೇಳಿಸಿದಾಗ ಎಲ್ಲರ ಮುಖವೂ ಅರಳಿತು. ಒಬ್ಬರೂ ಬೆಚ್ಚಲಿಲ್ಲ. ಬೆಚ್ಚಿಸಲೆಂದೇ ಇರುವ ಗಂಟೆ ಬೆಚ್ಚಿಸದಿದ್ದರೆ ಅದು ಯಾವ ಸೀಮೆಯ ಗಂಟೆ ಎಂದು ಕೇಳುವ ಪುಣ್ಯಾತ್ಮ ಮಾತ್ರ ಆ ಕೋಣೆಯಲ್ಲಿ ಇರಲಿಲ್ಲ. ಮ್ಯಾನೇಜರು ಬೆನ್ನು ತಟ್ಟಿದ.

ಹೊಸ ದನಿಯ ಮೊದಲ ಯಂತ್ರವನ್ನು ಅವನೇ ಹೊತ್ತುಕೊಂಡು ಹೋಗಿ ಅಣ್ಣನ ಪಕ್ಕ ಇಟ್ಟ. ಗಂಟೆಯನ್ನು ಒಮ್ಮೆ ಬಾರಿಸಿ ತೋರಿಸಿದ. ಬಹಳ ದಿನಗಳ ಮೇಲೆ ಅತ್ತಿಗೆ ನಕ್ಕಳು. ಆ ನಗು ನೋಡಿ ಅವನು ಮನೆಯವರೆಗೂ ಸಿಳ್ಳೆ ಹಾಕಿಕೊಂಡು ಹೋದ.

ಐದನೆಯ ದಿನ ಮಧ್ಯಾಹ್ನ ಅಣ್ಣ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ. ಪೈಪು ಮೈಯಡಿ ಸಿಕ್ಕಿಕೊಂಡಿತು. ಅತ್ತಿಗೆ ಹಜಾರದಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದಳು. ಒಳಗೆ ಹೋಗಿ ನೋಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹನ್ನೊಂದು ನಿಮಿಷ ಗಂಟೆ ಬಾರಿಸಿದ್ದೆನೆಂದು ಯಂತ್ರ ತಾನೇ ಬರೆದಿಟ್ಟುಕೊಂಡಿತ್ತು. ಯಂತ್ರವನ್ನು ಆಫೀಸಿಗೆ ವಾಪಸು ತಂದು ಅದನ್ನು ಓದಿದ ಮೇಲೆ ಅವನಿಗೆ ಅನ್ನ ಸೇರಲಿಲ್ಲ, ಕಣ್ಣಿಗೆ ಕಣ್ಣು ಹತ್ತಲಿಲ್ಲ. ಅಣ್ಣನನ್ನು ಕೊಂದವನು ತಾನೇ ಎಂಬುದು ಎದೆಯಲ್ಲಿ ಕೂತುಬಿಟ್ಟಿತು.

ವಾರ ಕಳೆದ ಮೇಲೆ, ಏನಾದರಾಗಲಿ ಹೇಳಿಬಿಡಬೇಕೆಂದು ಹೋದ. ಅತ್ತಿಗೆ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು.

"ಎಲ್ಲ ನನ್ನ ತಪ್ಪು," ಎಂದಳು. "ಪಕ್ಕದಲ್ಲೇ ಇದ್ದು ಕೈಯಾರೆ ಕಳ್ಕೊಂಡೆ."

"ಇಲ್ಲ ಅತ್ತಿಗೆ, ತಪ್ಪು ನಂದು. ಯಂತ್ರ ಗಂಟೆ ಬಾರಿಸ್ತಾನೇ ಇತ್ತು. ನಾನೇ ಅದರ ದನಿ ಅಡಗಿಸಿಬಿಟ್ಟಿದ್ದೆ. ನಿಮಗೆ ಹೇಗೆ ಕೇಳಿಸಬೇಕು, ಪಾಪ?"

ಅತ್ತಿಗೆ ತಲೆಯೆತ್ತಿ ಅವನನ್ನೇ ನೋಡಿದಳು.

"ಕೇಳಿಸ್ತಪ್ಪ. ಚೆನ್ನಾಗೇ ಕೇಳಿಸ್ತು. ಇಷ್ಟು ಹಿತವಾಗಿ ಹಾಡ್ತಿದೆ ಅಂದ್ರೆ ಒಳಗೆ ಅವರು ನೆಮ್ಮದಿಯಾಗೇ ಇರ್ತಾರೆ ಅಂದ್ಕೊಂಡೆ. ಕೇಳ್ತಾ ಕೇಳ್ತಾ ಅವರ ಅಂಗಿಗಳನ್ನೆಲ್ಲ ಮಡಚಿಟ್ಟೆ."