ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ

"ಹಸ, ಎಮ್ಮೆ, ಆಡು, ಕುರಿ," ಚಿಕ್ಕಬಸಮ್ಮ ಒಂದೇ ಉಸಿರಿಗೆ ಶುರು ಮಾಡಿದಳು. "ನಾಯಿ, ಬೆಕ್ಕು, ಕೋಳಿ... ಕೋಳೀನೂ ಪ್ರಾಣಿಗೆ ಸೇರ್ತದೇನವ್ವ? ಸೇರ್ಲಿ ಬುಡು. ಆನೆ, ಹಂದಿ, ಕಡವೆ, ಜಿಂಕೆ..."

ಅಲ್ಲಿಗೆ ನಿಂತುಬಿಟ್ಟಳು.

ಸರ್ವೆಗೆ ಬಂದಿದ್ದ ಪವಿತ್ರ ಟ್ಯಾಬಿನಿಂದ ತಲೆಯೆತ್ತಿ ನೋಡಿದಳು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಕಣ್ಣು ಮಾತ್ರ ಹಿತ್ತಲ ಬಾಗಿಲ ಕಡೆಗಿತ್ತು. ಬಾಗಿಲಾಚೆ ಬೇಲಿ, ಬೇಲಿಯಾಚೆ ಜೋಳದ ಹೊಲ, ಹೊಲದ ತಗ್ಗಿನಲ್ಲಿ ಹಳ್ಳ. ಹಳ್ಳ ದಾಟಿದರೆ ಕಾಡೇ.

"ಇನ್ನೂ ಟೈಮ್ ಅದೆ ಅಜ್ಜಿ. ಯಾವುದಾದ್ರೂ ಸರಿ, ನೆನಪಿಗೆ ಬಂದದ್ದು ಹೇಳಿ."

ಚಿಕ್ಕಬಸಮ್ಮ ಬೇಡವೆಂದು ತಲೆಯಾಡಿಸಿದಳು. ಪರದೆಯ ಮೇಲೆ ಸಮಯ ತನ್ನ ಪಾಡಿಗೆ ಓಡಿ ಮುಗಿಯಿತು. ಅಲ್ಲಿಯವರೆಗೆ ಚುರುಕಾಗಿದ್ದ ಹೆಂಗಸು ಆಮೇಲೆ ಕೇಳಿದ್ದಕ್ಕೆಲ್ಲ "ಗೊತ್ತಿಲ್ಲ ಕಣವ್ವ" ಎಂದಳು. ಇವತ್ತು ಯಾವ ವಾರ? ಗೊತ್ತಿಲ್ಲ. ಮೊದಲು ಓದಿ ಹೇಳಿದ ಪದಗಳಲ್ಲಿ ಯಾವುದು ನೆನಪಿದೆ? ಒಂದೂ ಇಲ್ಲ. ಪವಿತ್ರಳಿಗೆ ಪಾಪ ಎನಿಸಿತು. ಆದರೆ ಪಾಪ ಎನಿಸಿದ್ದನ್ನು ಬರೆಯಲು ಟ್ಯಾಬಿನಲ್ಲಿ ಜಾಗವಿರಲಿಲ್ಲ.

ಅವಳು ಯಳಂದೂರಿನ ಕಡೆ ಹೊನ್ನೂರಿನವಳು. ಗದ್ದೆ, ಕಬ್ಬು, ತೆಂಗಿನ ಸೀಮೆಯಲ್ಲಿ ಬೆಳೆದ ಹುಡುಗಿ. ಬೆಳಿಗ್ಗೆ ಕೊಳ್ಳೇಗಾಲಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ಈ ಲೊಕ್ಕನಹಳ್ಳಿಗೆ ಬರುತ್ತಿದ್ದಳು. ಬೇರೆ ಬೇರೆ ದೇಶಗಳಲ್ಲಿ, ಉಳ್ಳವರಿಗೂ ಇಲ್ಲದವರಿಗೂ, ಓದಿದವರಿಗೂ ಹೆಬ್ಬೆಟ್ಟಿನವರಿಗೂ ಇದೇ ಪ್ರಶ್ನೆಗಳನ್ನು ಕೇಳಿ, ಯಾರ ಬುದ್ಧಿ ಹೇಗೆ ಓಡುತ್ತದೆಂದು ಅಳೆಯುವ ಸರ್ವೆ ಅದು. ಕಟ್ಟುನಿಟ್ಟಿನ ನಿಯಮ ಎರಡೇ. ಪರೀಕ್ಷೆ ನಡೆಯುವಾಗ ಮನೆಯವರು ಯಾರೂ ಹತ್ತಿರ ಇರಕೂಡದು. ಬಂದ ಅಂಕವನ್ನು ಯಾರಿಗೂ ಹೇಳಕೂಡದು.

ಮೊದಲನೆಯದನ್ನು ಅವಳು ಚಾಚೂ ತಪ್ಪದೆ ಪಾಲಿಸಿದ್ದಳು. ಚಿಕ್ಕಬಸಮ್ಮನ ಮಗ ಮಾದೇಶ ಜಗಲಿಯ ತುದಿಯಲ್ಲಿ ಬೀಡಿ ಸೇದುತ್ತ ಕೂತಿದ್ದ. ಸೊಸೆ ದೀಪ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೈಯಲ್ಲಿ ಹುಲ್ಲು ಕೊಯ್ಯುವ ಕುಡ್ಲು ಹಿಡಿದು ಹೊರಡಲು ನಿಂತಿದ್ದಳು.

"ಏನಾಯ್ತು ಮೇಡಂ? ಅವ್ವನ ತಲೆ ಸರಿಯಾಗಿ ಅದಾ?" ಮಾದೇಶ ಎದ್ದು ಬಂದ.

"ಅದೆಲ್ಲ ನಾವು ಹೇಳಂಗಿಲ್ಲ ಅಣ್ಣ."

"ಅಂಗನ್ಬೇಡಿ. ನಿಮ್ಮ ಬಾಯಿಂದ ಕೇಳ್ಬೇಕು ಅಂತ್ಲೇ ಕಾಯ್ತಾ ಕುಂತಿವ್ನಿ. ಮೊನ್ನೆಯಿಂದ ಇವಳ್ನ ಹಳ್ಳದ ಕಡಿಕ್ಕೆ ಕಳಿಸ್ಬೇಡ, ಕಳಿಸ್ಬೇಡ ಅಂತ ಒಂದೇ ಸಮ. ಯಾಕವ್ವ ಅಂದ್ರೆ ಬಾಯೇ ಬುಡಕಿಲ್ಲ. ಎರಡು ದಿನದಿಂದ ಹಸೂಗೆ ಒಣಹುಲ್ಲು ಆಕಿ ಹಾಲು ಇಳಿದೋಗದೆ. ಹಸಿ ಹುಲ್ಲಿರೋದು ಅಲ್ಲೇಯ. ನಮ್ ದೊಡ್ಡವ್ವನೂ ಇಂಗೇ ಶುರು ಮಾಡ್ಕಂಡು, ಕೊನೇಗೆ ಮಕ್ಕಳ ಗುರ್ತೇ ಇಲ್ದಂಗಾದ್ಲು. ಅವ್ವ ಸರಿಯಾಗವ್ಳೆ ಅನ್ನಿ, ಅವಳ ಮಾತು ಕೇಳ್ತೀನಿ. ಇಲ್ಲ ಅಂದ್ರೆ ಇವಳು ಈಗ್ಲೇ ಓಯ್ತಾಳೆ."

ದೀಪ, ಹೋಗು ಎಂದರೆ ಹೋಗಲು, ಬೇಡ ಎಂದರೆ ಕುಡ್ಲನ್ನು ಸೂರಿಗೆ ಸಿಕ್ಕಿಸಲು ತಯಾರಾಗಿ ಪವಿತ್ರಳ ಮುಖವನ್ನೇ ನೋಡುತ್ತಿದ್ದಳು.

ಪವಿತ್ರಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ; ಸುಮ್ಮನಿರಲೂ ಬರಲಿಲ್ಲ. "ಸ್ವಲ್ಪ ಕಮ್ಮಿ ಬಂದದೆ ಅಣ್ಣ. ಒಂದ್ಸಲ ಡಾಕ್ಟ್ರಿಗೆ ತೋರ್ಸಿ," ಅಂದುಬಿಟ್ಟಳು.

"ನೋಡ್ದಾ?" ಎಂದು ಮಾದೇಶ ಹೆಂಡತಿಯ ಕಡೆ ತಿರುಗಿದ. ತಾನು ಹೇಳಿದ್ದೇ ನಿಜವಾದರೂ ಅವನ ಮುಖ ಕಪ್ಪಿಟ್ಟಿತು. ಅವ್ವನೆಂದರೆ ಅವನಿಗೆ ಪ್ರಾಣ.

"ನಿಮ್ದೂ ಒಂದು ಪರೀಕ್ಷೆ ಅದೆ ಅಕ್ಕ," ಎಂದಳು ಪವಿತ್ರ.

"ಬಂದ್ಮೇಲೆ ಕೂತ್ಕತೀನಿ ಕಣಿ. ಎಷ್ಟೊತ್ತಾದದು, ಒಂದೊರೆ ಹುಲ್ಲು," ಎಂದು ದೀಪ ಇಳಿದು ಹೋದಳು. ಒಳಗಿನಿಂದ ಚಿಕ್ಕಬಸಮ್ಮ "ಯಾರ್ಲಾ ಹಳ್ಳಕ್ಕೆ ಓದೋರು? ಮಾದೇಸ, ಯಾರ್ಲಾ ಓದೋರು?" ಎಂದು ಕೂಗುತ್ತಿದ್ದಳು. ಮಾದೇಶ ಇನ್ನೊಂದು ಬೀಡಿ ಹಚ್ಚಿದ.

ಮುಂದಿನ ಬೀದಿಯಲ್ಲಿ ಪುಟ್ಟಸಿದ್ದಯ್ಯನ ಮನೆ. ಹಿಂದೆ ಬಸ್ ಕಂಡಕ್ಟರಾಗಿದ್ದ ಮುದುಕ. ಮಾತೆಂದರೆ ಮೂರು ಸ್ಟಾಪು ಮುಂದೆ. ಒಂದು ನಿಮಿಷದಲ್ಲಿ ನೆನಪಿಗೆ ಬಂದ ಪ್ರಾಣಿಗಳನ್ನೆಲ್ಲ ಹೇಳಿ ಎಂದದ್ದೇ ತಡ, ಬೆಟ್ಟದ ದೇವರು ಮಾದಪ್ಪನ ವಾಹನ ಹುಲಿಯಿಂದಲೇ ಶುರು ಮಾಡಿ, ಕಾಡಿನದು ನಾಡಿನದು ಎಲ್ಲವನ್ನೂ ಟಿಕೆಟ್ ಹರಿದಂತೆ ಹರಿದುಕೊಟ್ಟ. ನಿಮಿಷ ಮುಗಿದರೂ ನಿಲ್ಲಿಸಲಿಲ್ಲ.

"ಸಾಕು ಸಾಕು ತಾತ," ಪವಿತ್ರ ನಕ್ಕಳು. "ಪಾಪ, ಚಿಕ್ಕಬಸಮ್ಮಜ್ಜಿ ಜಿಂಕೆ ತಂಕ ಬಂದು ಬಾಯಿ ಮುಚ್ಕೊಂಡ್ಬುಟ್ರು."

"ಮರೆತೋದ್ಲಾ?"

"ಮರೆತಂಗಿರ್ಲಿಲ್ಲ. ಸೆರಗಿಂದ ಬಾಯಿ ಅದುಮ್ಕೊಂಡು, ಹಳ್ಳದ ಕಡಿಕ್ಕೆ ನೋಡ್ತಾ ಕುಂತ್ರು."

ಮುದುಕನ ಮುಖದಲ್ಲಿದ್ದ ನಗು ಎಲ್ಲಿ ಹೋಯಿತೋ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡ.

"ನಾನು ಶುರೂಗೇ ಅದರ ಹೆಸ್ರು ಏಳ್ದೆ. ಯಾಕೆ ಏಳ್ದೆ? ನಾನು ಕಂಡಿಲ್ಲ, ಅದ್ಕೆ. ಕಂಡೋರು ಏಳಲ್ಲ ಕಣವ್ವ. ಕಣ್ಣಾರೆ ಕಂಡೋರು, ಬೆಟ್ಟಕ್ಕೋಗಿ ಮಾದಪ್ಪನ ಮುಂದೆ ಕಾಯಿ ಒಡೆಯೋಗಂಟ ಅದರ ಹೆಸರೆತ್ತಲ್ಲ. ಕಂಡೆ ಅಂತ್ಲೂ ಅನ್ನಲ್ಲ. ಅಂದ್ರೆ ಬೆನ್ನಿಂದೇನೆ ಮನೆಗಂಟ ಬತ್ತದೆ. ಈಗಿನ ಐಕಳಿಗೆ ಇದೆಲ್ಲ ಎಲ್ಲಿ ಗೊತ್ತು?" ದನಿ ತಗ್ಗಿಸಿದ. "ಆ ಮನೆಯೋರು ಯಾರಾರ ಹಳ್ಳದ ಕಡಿಕ್ಕೆ ಓಗಿದ್ದಾರಾ?"

ಪವಿತ್ರ ಟ್ಯಾಬನ್ನು ಬ್ಯಾಗಿಗೆ ತುರುಕಿ, ಹೇಳದೆ ಕೇಳದೆ ಎದ್ದು ಓಡಿದಳು. ಬೀದಿಯಲ್ಲಿ ಆಗಲೇ ಮುಸ್ಸಂಜೆ. ಯಾವ ಮನೆಯ ನಾಯಿಯೂ ಅವಳನ್ನು ಕಂಡು ಬೊಗಳಲಿಲ್ಲ. ಬೆಳಿಗ್ಗೆ ಇದೇ ನಾಯಿಗಳು ಅವಳನ್ನು ಬಸ್ ಸ್ಟ್ಯಾಂಡಿನಿಂದ ಅಟ್ಟಿಸಿಕೊಂಡು ಬಂದಿದ್ದವು. ಈಗ ಎಲ್ಲವೂ ಜಗಲಿಗಳ ಕೆಳಗೆ, ಗೋಡೆಗೆ ಮೈಯೊತ್ತಿ ಮಲಗಿದ್ದವು.

ಮಾದೇಶನ ಮನೆ ಮುಟ್ಟುವಾಗ ಹೊಲದ ಬದುವಿನ ಮೇಲೆ ದೀಪ ಹುಲ್ಲು ಹೊತ್ತು ಬರುತ್ತಿರುವುದು ಕಾಣಿಸಿತು. ಸದ್ಯ! ಪವಿತ್ರ ಜಗಲಿಯ ಕಂಬ ಹಿಡಿದು ಉಸಿರು ಬಿಟ್ಟಳು. ಹೇಳಬೇಕೆಂದು ಹೊತ್ತು ತಂದ ಮಾತು ಹೇಳಲು ಈಗ ನಾಚಿಕೆಯಾಯಿತು. ಬಿ.ಎಸ್ಸಿ. ಓದಿದವಳು ಒಬ್ಬ ಮುದುಕನ ಮಾತಿಗೆ ಬೀದಿಯುದ್ದಕ್ಕೂ ಓಡಿಬಂದೆ ಎಂದರೆ ಯಾರಾದರೂ ನಗುತ್ತಾರೆ.

"ಇದೇನೇ, ಅರ್ಧ ಹೊರೆ? ಕುಡ್ಲೆಲ್ಲಿ?" ಮಾದೇಶ ಕೇಳಿದ.

"ಮರೆತು ಬಂದೆ."

"ಸರಿಹೋಯ್ತು. ಅತ್ತೆ ಕಾಯಿಲೆ ಸೊಸೆಗೂ ಅಂಟ್ಕತಾ? ಮೊನ್ನೆ ತಾನೆ ಹೊಸ ಹಿಡಿ ಆಕ್ಸಿದ್ದು. ತಡಿ, ನಾನೇ ಓಗಿ ತತ್ತೀನಿ."

"ಬ್ಯಾಡಿ," ಎಂದಳು ದೀಪ. ಹೊರೆಯನ್ನು ಇಳಿಸುವುದನ್ನೇ ಮರೆತು ನಿಂತಿದ್ದಳು. "ಬೆಳಿಗ್ಗೆ ನೋಡ್ಕಳನ ಬುಡಿ. ಈಗ ಬ್ಯಾಡಿ."

"ಆಯ್ತಮ್ಮ ಆಯ್ತು. ನೀನು ಮೊದ್ಲು ಮೇಡಂ ಹತ್ರ ಕುಂತ್ಕ. ಪಾಪ, ಅವ್ರಿಗೆ ಬಸ್ಸು ತಪ್ಪೋಯ್ತದೆ."

ದೀಪ ಕೈಕಾಲು ತೊಳೆದು ಒಳಗೆ ಬಂದು ಕೂತಳು. ಒದ್ದೆ ಕೈಯನ್ನು ಸೀರೆಗೆ ಒರೆಸಿದಳು, ಮತ್ತೆ ಒರೆಸಿದಳು. ಹೆಸರು, ವಯಸ್ಸು, ಓದು, ಎಲ್ಲಕ್ಕೂ ಉತ್ತರ ಸರಿಯಾಗಿಯೇ ಬಂತು. ಚಿಕ್ಕಬಸಮ್ಮನನ್ನು ಆಚೆ ಕಳಿಸಬೇಕೆಂಬುದು ಪವಿತ್ರಳಿಗೆ ನೆನಪಿಗೆ ಬಂದರೂ ಬಾಯಿ ಬರಲಿಲ್ಲ. ಮುದುಕಿ ಮೂಲೆಯಲ್ಲಿ ಕೂತು ಸೊಸೆಯನ್ನೇ ನೋಡುತ್ತಿದ್ದಳು.

"ಈಗ ಒಂದು ನಿಮಿಷ ಕೊಡ್ತೀನಿ ಅಕ್ಕ. ನೆನಪಿಗೆ ಬಂದ ಪ್ರಾಣಿಗಳ ಹೆಸ್ರೆಲ್ಲ ಹೇಳ್ತಾ ಹೋಗಿ. ಶುರು."

"ಹಸ," ಎಂದಳು ದೀಪ. "ಎಮ್ಮೆ. ಕರ. ಆಡು, ಕುರಿ. ಮೊಲ. ಕೋತಿ." ಸ್ವಲ್ಪ ತಡೆದಳು. "ಆನೆ. ಹಂದಿ. ಜಿಂಕೆ..."

ಹೇಳಿ ಅಕ್ಕ, ಇನ್ನೊಂದು ಹೇಳಿ, ಆ ಹೆಸರು ಹೇಳಿಬಿಡಿ ಎಂದು ಪವಿತ್ರ ಮನಸ್ಸಿನಲ್ಲೇ ಬೇಡಿಕೊಂಡಳು. ಪರದೆಯ ಮೇಲೆ ಸಮಯ ಓಡುತ್ತಿತ್ತು.

ದೀಪಳ ಕೈ ಮೆಲ್ಲಗೆ ಮೇಲೆದ್ದು ಬಂದು ಬಾಯಿ ಮುಚ್ಚಿತು.

ಚಿಕ್ಕಬಸಮ್ಮ ಮೂಲೆಯಿಂದ ಎದ್ದು ಬಂದು ಸೊಸೆಯ ಮಗ್ಗುಲಲ್ಲಿ ಕೂತಳು. ಕೂದಲಿಗೆ ಅಂಟಿದ್ದ ಹುಲ್ಲಿನ ಎಸಳೊಂದನ್ನು ತೆಗೆದು, ಹೊಸ್ತಿಲ ಕಡೆ ತಿರುಗಿ ಕೂಗಿದಳು.

"ಮಾದೇಸ."

ಪವಿತ್ರ ಎದ್ದು ಜಗಲಿಗೆ ಬಂದಳು. ಅರ್ಧ ಸೇದಿದ ಬೀಡಿ ಕಂಬದ ಬುಡದಲ್ಲಿ ಇನ್ನೂ ಹೊಗೆಯಾಡುತ್ತಿತ್ತು. ಮೆಟ್ಟಿಲ ಕೆಳಗೆ ಅವಳ ಚಪ್ಪಲಿ ಇತ್ತು, ದೀಪಳದು ಇತ್ತು. ಮಾದೇಶನ ಚಪ್ಪಲಿ ಇರಲಿಲ್ಲ.