ಶೇಕಡಾ ಏಳರ ಅನುಮಾನ

ಮೂವತ್ತೊಂದು ವರ್ಷ ಅನಿಲಗಳನ್ನು ಬೇರ್ಪಡಿಸುವುದರಲ್ಲೇ ತಲೆ ನರೆಸಿಕೊಂಡ ಇಂಜಿನಿಯರಮ್ಮನಿಗೆ ಎರಡು ತಿಂಗಳಿಂದ ಲ್ಯಾಬಿನ ಟೆಕ್ನಿಷಿಯನ್ ಮೇಲೆ ಅನುಮಾನದ ಕಣ್ಣು. ಕೊಳೆತ ಕಸದಿಂದ ಹುಟ್ಟುವ ಅನಿಲವನ್ನು ಇಂಜಿನಿಯರಮ್ಮ ರೂಪಿಸಿದ ತೆಳು ಪೊರೆಗೆ ಹಾಯಿಸಿದರೆ, ಬೇಡದ್ದೆಲ್ಲ ಸೋಸಿಹೋಗಿ ಉರಿಯುವ ಮೀಥೇನ್ ಉಳಿಯಬೇಕು. ಟೆಕ್ನಿಷಿಯನ್ ರಜೆ ಹಾಕಿದ ದಿನ ಮೀಟರು ನೂರಕ್ಕೆ ತೊಂಬತ್ತೆಂಟು ತೋರಿಸುತ್ತಿತ್ತು. ಆತ ಮುಂಚೆ ಬಂದು ಬಾಗಿಲು ತೆಗೆದ ದಿನ ತೊಂಬತ್ತೊಂದು. ಅದೇ ಪೊರೆ, ಅದೇ ಅನಿಲ. ಮೇಲಾಗಿ, ಹೋದ ವರ್ಷದವರೆಗೆ ಆತ ಇದೇ ಕೆಲಸದ ಎದುರಾಳಿ ತಂಡದಲ್ಲಿದ್ದವರು.

“ಹಾಲು ಒಡೆದರೂ ಆ ಪುಣ್ಯಾತ್ಮನದೇ ಕೈವಾಡ ಅಂತೀಯಲ್ಲೇ,” ಎಂದು ಗಂಡ ನಕ್ಕರು.

“ನಗ್ರಿ, ನಗ್ರಿ. ಇವತ್ತು ಮಧ್ಯಾಹ್ನ ಮೇಲಿನವರಿಗೆ ವರದಿ ಹೋಗ್ಬೇಕು. ತೊಂಬತ್ತಾರು ದಾಟದಿದ್ರೆ ನನ್ನ ಪೊರೆ ಮೂಲೆಗೆ!”

ಅಂದು ಇಂಜಿನಿಯರಮ್ಮ ಒಂದು ಗಂಟೆ ಮುಂಚೆಯೇ ಹೋಗಿ ಲ್ಯಾಬಿನ ಗಾಜಿನ ಬಾಗಿಲ ಹೊರಗೆ ಮರೆಯಲ್ಲಿ ನಿಂತರು. ಒಳಗೆ ಟೆಕ್ನಿಷಿಯನ್ ಚೀಲ ಇಳಿಸಿದರು. ಇಂಜಿನಿಯರಮ್ಮ ಕೂರುವ ಸ್ಟೂಲನ್ನು ಬಿಸಿಲು ತಾಗದ ಕಡೆಗೆ ಸರಿಸಿದರು. ಆಮೇಲೆ ಯಂತ್ರದ ಹಿಂದೆ ಬಗ್ಗಿ ಸ್ಪ್ಯಾನರ್ ತಿರುಗಿಸತೊಡಗಿದರು.

“ಏನ್ರೀ ನಡೀತಿದೆ ಅಲ್ಲಿ?”

ಸ್ಪ್ಯಾನರ್ ಠಣ್ಣೆಂದು ನೆಲಕ್ಕೆ ಬಿತ್ತು. “ಏನಿಲ್ಲ ಮೇಡಂ...”

“ಏನಿಲ್ಲದ್ದಕ್ಕೆ ಸ್ಪ್ಯಾನರ್ ಯಾಕೆ?”

ಅಲ್ಲಿದ್ದದ್ದು ಶುದ್ಧ ಮೀಥೇನಿನ ಪುಟ್ಟ ಸಿಲಿಂಡರ್. ಮೀಟರು ಸರಿಯಾಗಿ ಓದುತ್ತಿದೆಯೇ ಎಂದು ದಿನಾ ಸಂಜೆ ಅದರಿಂದ ಚೂರು ಅನಿಲ ಬಿಟ್ಟು ನೋಡಿ, ಕವಾಟ ತಿರುಗಿಸಿ ಮುಚ್ಚಿ ಹೋಗುವುದು ಇಂಜಿನಿಯರಮ್ಮನದೇ ಕೆಲಸ. ಬೇರೆ ಯಾರೂ ಮುಟ್ಟಬಾರದೆಂಬುದೂ ಅವರದೇ ಕಟ್ಟಪ್ಪಣೆ.

“ಪೂರ್ತಿ ಮುಚ್ಚಿರಲ್ಲ ಮೇಡಂ. ನಿಮ್ಮ ಬೆರಳಿಗೆ ಈಗೀಗ ಹಿಡಿತ ಸಾಲ್ತಿಲ್ಲ. ಸ್ವಲ್ಪ ಸ್ವಲ್ಪ ಮೀಟರಿಗೆ ಸೋರ್ತಾನೇ ಇರುತ್ತೆ.”

ಇಂಜಿನಿಯರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಆ ಹೆಚ್ಚಿನ ಏಳು ಪೊರೆಯದಲ್ಲ, ಸಿಲಿಂಡರಿನದು.

“ಎರಡು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ರಾ?”

“ಮೊದಲ ಸಲ ತೊಂಬತ್ತೆಂಟು ಬಂದಾಗ ನಿಮ್ಮ ಖುಷಿ ನೋಡಿದೆ. ಹೇಗೆ ಹೇಳ್ಲಿ? ದಿನಾ ನಾನು ಮುಚ್ತಾ ಇದ್ರೆ ನೀವೇ ಕಂಡುಹಿಡೀತೀರಿ ಅಂದ್ಕೊಂಡೆ.”

“ಕಂಡುಹಿಡಿದೆ. ನಿಮ್ಮನ್ನೇ, ಕಳ್ಳ ಅಂತ.”

ಟೆಕ್ನಿಷಿಯನ್ ಬಿದ್ದ ಸ್ಪ್ಯಾನರ್ ಎತ್ತಿಟ್ಟರು. ಇಂಜಿನಿಯರಮ್ಮನಿಗೆ ನಾಚಿಕೆಯಾಯಿತು. “ತಪ್ಪಾಯ್ತು ಕಣ್ರೀ. ಆದರೆ ಇನ್ಮೇಲೆ ನನ್ನ ಮುಖ ನೋಡಿ ಅಂಕಿ ನುಂಗಬೇಡಿ.”

ಸ್ಟೂಲಿನ ಮೇಲೆ ಕೂತು ವರದಿ ತೆರೆದರು. ತೊಂಬತ್ತೆಂಟು ಅಳಿಸಿ ತೊಂಬತ್ತೊಂದು ಬರೆದರು. ಕವಾಟ ಸರಿಯಾಗಿ ಮುಚ್ಚದವಳು ನಾನೇ ಎಂದು ಕೆಳಗೆ ಸೇರಿಸಿದರು.

“ಮೇಡಂ, ಇಷ್ಟು ವರ್ಷದ ಕೆಲಸ...”

“ಪೊರೆ ಇರೋದೇ ಅಷ್ಟು, ಏನು ಮಾಡೋದು?”

ಮಧ್ಯಾಹ್ನದವರೆಗೆ ಕಾಯಲಿಲ್ಲ. ಧೈರ್ಯ ಕೈಕೊಡುವ ಮೊದಲೇ ವರದಿ ಕಳಿಸಿಬಿಟ್ಟರು.