ಕಂಠಪ್ಪ ತರಿಸಿದ ಉಜ್ಬೆಕ್ ಊಟ

ಐವತ್ತಾರನೇ ಇಸವಿಯ ದಸರಾ ನೋಡಿಕೊಂಡು ಪಿರಿಯಾಪಟ್ಟಣಕ್ಕೆ ಮರಳಿದ ಹೊಗೆಸೊಪ್ಪಿನ ವ್ಯಾಪಾರಿ ಕಂಠಪ್ಪ ಎಂಟು ದಿನ ಒಂದೇ ಮಾತಾಡಿದ. ಮೈಸೂರಿನ ವಸ್ತುಪ್ರದರ್ಶನದಲ್ಲಿ ರಷ್ಯಾದವರೂ ಉಜ್ಬೆಕ್ ಸೀಮೆಯವರೂ ಸೇರಿ ಹೋಟೆಲು ಹಾಕಿದ್ದರಂತೆ. ಕ್ಯಾರೆಟ್ಟಿನ ಅನ್ನವಂತೆ, ಬೀಟ್‌ರೂಟಿನ ಕೆಂಪು ಸಾರಂತೆ. ಅಡುಗೆಯವನೇ ಬಂದು ಬಡಿಸಿದನಂತೆ. ನಡೆದದ್ದು ಇಷ್ಟೇ: ಕಂಠಪ್ಪ ಹೊರಗಿನ ಊಟದ ಪಟ್ಟಿಯ ಬೋರ್ಡನ್ನು ಎರಡು ಸಲ ಓದಿದ, ಒಳಗಿಂದ ಮಾಂಸದ ವಾಸನೆ ಬಂತು, ಕೊರಳಿನ ಲಿಂಗವನ್ನು ಮುಟ್ಟಿಕೊಂಡು ಪಕ್ಕದಂಗಡಿಗೆ ಹೋಗಿ ಉಪ್ಪಿಟ್ಟು ತಿಂದ.

ಒಂಬತ್ತನೇ ದಿನ ಗೆಳೆಯ ನಿಂಗರಾಜು ಜಗಲಿಯ ಮೇಲೆ ಕೂತು ಬೀಡಿ ಹಚ್ಚಿದ.

“ಬೆಳಗಿನ ಬಸ್ಸಿಗೆ ಕ್ಯಾರಿಯರ್ ಕೊಟ್ರೆ ಸಂಜೆ ಬಸ್ಸಿಗೆ ಊಟ ಬತ್ತದೆ. ತರ್ಸು ಕಂಠಣ್ಣ, ನಾವೂ ರುಚಿ ನೋಡವ.”

“ಅಷ್ಟು ದೂರದಿಂದ ತಂದ್ರೆ ರುಚಿ ಕೆಡ್ತದೆ ಕಣ್ಲಾ.”

“ರುಚಿ ಕೆಡ್ತದೋ, ನಿನ್ ಕತೆ ಕೆಡ್ತದೋ?”

ಜಗಲಿಯೆಲ್ಲ ನಕ್ಕಿತು. ಸುತ್ತಲಿನ ಹಳ್ಳಿಯವರು ಕಂಠಪ್ಪನ ಬಾಯಿಮಾತು ನಂಬಿಯೇ ಗಾಡಿಯಿಂದ ಸೊಪ್ಪು ಇಳಿಸುತ್ತಿದ್ದರು. ಆ ಬಾಯಿ ಒಮ್ಮೆ ಸುಳ್ಳೆಂದು ಗೊತ್ತಾದರೆ ಅಂಗಡಿ ಬಾಗಿಲು ಹಾಕಬೇಕಿತ್ತು. ಮರುದಿನ ಅವನು ಬಸ್ಸಿನ ಕಂಡಕ್ಟರ್ ಕರಿಯಯ್ಯನನ್ನು ಮರೆಗೆ ಕರೆದ.

“ಮೈಸೂರು ಗೀಸೂರು ಬ್ಯಾಡ. ವಾಪಸ್ ಬರೋವಾಗ ಹುಣಸೂರು ಹೋಟ್ಲಲ್ಲಿ ಕ್ಯಾರೆಟ್ ಹಾಕಿದ ಪಲಾವು, ಬೀಟ್‌ರೂಟ್ ಸಾರು ತುಂಬುಸ್ಕೊಂಡು ಬಾ. ಕೇಳಿದ್ರೆ ರಷ್ಯಾದ್ದು ಅನ್ನು.”

ಕ್ಯಾರಿಯರು ಮಾತ್ರ ಹೆಂಡತಿ ಶಿವನಂಜಮ್ಮನ ಕೈಯಿಂದಲೇ ಬರಬೇಕಿತ್ತು. ಖಾಲಿ ಪಾತ್ರೆ ಅವಳ ಹೊಸಿಲು ದಾಟಿದ್ದಿಲ್ಲ. ಮೂರು ಡಬ್ಬಿಗೂ ಕಜ್ಜಾಯ ತುಂಬಿ ಕರಿಯಯ್ಯನ ಕೈಗಿಟ್ಟಳು.

“ಆ ರಷ್ಯಾ ಅಡುಗೆಯೋರಿಗೆ ಕೊಡಪ್ಪ. ನಾವು ಲಿಂಗ ಕಟ್ಟಿದೋರು, ಮಾಂಸ ಸೋಕಿಸಬಾರದು ಅಂತ ಹೇಳು.”

ಸಂಜೆ ಬಸ್ಸು ಬರುವ ಹೊತ್ತಿಗೆ ಜಗಲಿ ತುಂಬಿತ್ತು. ಶಿವನಂಜಮ್ಮ ಬಾಗಿಲಲ್ಲಿ ನಿಂತಿದ್ದಳು. ನಿಂಗರಾಜು ಮೇಲಿನ ಡಬ್ಬಿ ತೆಗೆದ. ಹೊಂಬಣ್ಣದ ಅನ್ನ, ಕ್ಯಾರೆಟ್ಟು, ಒಣದ್ರಾಕ್ಷಿ. ನಟ್ಟ ನಡುವೆ, ಗೌಡನ ಹಾಗೆ ಕೂತ ಒಂದು ಇಡೀ ಬೆಳ್ಳುಳ್ಳಿ ಗಡ್ಡೆ. ಸಿಪ್ಪೆ ಸಮೇತ.

“ಇದೇನ್ ಕಂಠಣ್ಣ? ಇದನ್ನ ಎಂಗೆ ತಿಂದೆ?”

ಬೋರ್ಡಿನಲ್ಲಿ ಬೆಳ್ಳುಳ್ಳಿಯ ಸುದ್ದಿಯಿರಲಿಲ್ಲ. ಕಂಠಪ್ಪನಿಗೆ ಸಿಟ್ಟು ನೆತ್ತಿಗೇರಿತು.

“ಲೋ ಕರಿಯಯ್ಯ! ಆ ಹುಣಸೂರಿನೋನಿಗೆ ಒಂದು ಬೆಳ್ಳುಳ್ಳಿ ಸುಲಿಯೋಕೂ ಬರಲ್ವೇನೋ?”

ಕರಿಯಯ್ಯ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಹುಣಸೂರಲ್ಲ ಯಜಮಾನ್ರೇ, ರಷ್ಯಾದೋರದ್ದೇ. ಅಮ್ಮೋರು ಅಷ್ಟು ಕಜ್ಜಾಯ ಕೊಟ್ಟವ್ರೆ, ಅದನ್ನ ಹುಣಸೂರು ಹೋಟ್ಲಿಗೆ ಸುರಿಯೋಕಾಯ್ತದಾ? ಉಜ್ಬೆಕ್ಕಿನೋನು ಒಂದು ಕಜ್ಜಾಯ ಬಾಯಿಗಾಕ್ಕೊಂಡು, ಹೊಸ ಪಾತ್ರೆ ತರಿಸಿ ಬರೀ ತರಕಾರೀಲಿ ಮಾಡ್ಕೊಟ್ಟ. ಕಾಸೂ ಮುಟ್ಟಲಿಲ್ಲ.”

ನಿಂಗರಾಜುವಿನ ನಗು ಕೆಮ್ಮಿಗೆ ತಿರುಗಿ, ಯಾರೋ ಬೆನ್ನು ತಟ್ಟಬೇಕಾಯಿತು. ಕಂಠಪ್ಪ ಕಂಬಕ್ಕೆ ಒರಗಿ, ಬೆಟ್ಟದಪುರದ ಬೆಟ್ಟ ಕಾಣುವ ದಿಕ್ಕನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಶಿವನಂಜಮ್ಮ ಗಂಡನಿಗೆ ಎಲೆ ಹಾಕಿದಳು. ಅನ್ನ ಬಡಿಸಿ, ಗಡ್ಡೆಯನ್ನು ಬೆರಳಲ್ಲಿ ಒತ್ತಿದಳು. ಬೆಂದ ಬೆಳ್ಳುಳ್ಳಿ ಬೆಣ್ಣೆಯ ಹಾಗೆ ಅನ್ನದ ಮೇಲೆ ಇಳಿಯಿತು.

“ಬನ್ನಿ, ಊಟಕ್ಕೆ ಕೂತ್ಕೊಳಿ. ತಿಂದ್ಬುಟ್ರೆ ನಾಳೆಯಿಂದ ನೀವು ಹೇಳೋದು ನಿಜ ಆಯ್ತದೆ.”